ಸತ್ತವರ ದ್ವೀಪದ ನುಸಿ

ಹಿಮದ ಉತ್ತರ ಸೀಮೆಯ ಇನಾರಿ ಸರೋವರದಲ್ಲಿ ನಮ್ಮ ಮನೆತನದವರಿಗೆಂದೇ ಒಂದು ದ್ವೀಪವಿದೆ. ದಡದಲ್ಲಿ ಹೂತರೆ ತೋಳ ಕೆದಕೀತೆಂದು ಹಿರಿಯರು ಹೆಣವನ್ನು ನೀರು ದಾಟಿಸುತ್ತಿದ್ದರು. ಹೆಣವಿಲ್ಲದೆ ಅಲ್ಲಿ ನಾವ್ಯಾರೂ ಕಾಲಿಡುವುದಿಲ್ಲ, ಅದರ ಬಳಿ ದನಿ ಎತ್ತುವುದಿಲ್ಲ.

ಆ ಬೇಸಿಗೆ ಮೀನಿಗೆ ಹೋದ ನನ್ನ ತಮ್ಮ ಹೈಕ್ಕಾ ಮರಳಲಿಲ್ಲ. ಮಗುಚಿದ ದೋಣಿ ಮಾತ್ರ ತೇಲಿಬಂತು. ಉಳಿದ ದ್ವೀಪಗಳನ್ನೆಲ್ಲ ಕೂಗಿ ಕೂಗಿ ಹುಡುಕಿದೆವು. ಭಾನುವಾರ ಪಾದ್ರಿಗಳು ಅವನ ಹೆಸರನ್ನು ಸತ್ತವರ ಜೊತೆ ಓದುವವರಿದ್ದರು.

ನಮ್ಮ ದೇಶದಲ್ಲಿ ಕಚ್ಚುವ ನುಸಿ ಎಷ್ಟು ಜಾತಿ ಎಂದು ತಿಳಿಯಲು ದಕ್ಷಿಣದಿಂದ ಬಂದಿದ್ದ ಹೆಲ್ವಿಗೆ ನಾನೇ ದೋಣಿಯವನು.

"ಜಾತಿ ಯಾವ್ದಾದ್ರೇನಮ್ಮ, ಕಚ್ಚೋದು ಒಂದೇ ತರ," ಎಂದು ಅವ್ವ ಹಿಂದೊಮ್ಮೆ ಅಣಕಿಸಿದ್ದಳು.

ಹೆಲ್ವಿ ಆ ದ್ವೀಪದ ದಡದಲ್ಲೂ ನುಸಿಯನ್ನು ಒಳಗೆಳೆಯುವ ಫ್ಯಾನಿನ ಬಲೆ ಕಟ್ಟಿದಳು. ನಾನು ದೋಣಿಯಿಂದ ಇಳಿಯಲಿಲ್ಲ. ಮರುದಿನ ಬಲೆ ತಂದು, ಅವ್ವನ ಮೇಜಿನ ಮೇಲೆ ನುಸಿ ಹರವಿ, ಭೂತಗನ್ನಡಿಯಲ್ಲಿ ರೆಕ್ಕೆಯ ಚುಕ್ಕೆ ನೋಡುತ್ತಿದ್ದವಳು ತಲೆ ಎತ್ತಿದಳು.

"ಆಸ್ಲಕ್, ಆ ದ್ವೀಪದಲ್ಲಿ ಯಾರಿದಾರೆ?"

"ಇರೋರೆಲ್ಲ ಮಲಗಿದಾರೆ," ಎಂದೆ.

"ತಮಾಷೆ ಬೇಡ. ಇವುಗಳ ಹೊಟ್ಟೆ ನೋಡು, ಹೊಸ ರಕ್ತ. ಇವು ಹಕ್ಕಿ ಕಚ್ಚೋ ಜಾತಿಯಲ್ಲ. ದೂರ ಹಾರೋವೂ ಅಲ್ಲ."

ಹಿಮಸಾರಂಗಗಳ ರಕ್ತವೆನ್ನಲು ಅವೆಲ್ಲ ನುಸಿಯ ಕಾಟಕ್ಕೆ ಗಾಳಿ ಹುಡುಕಿಕೊಂಡು ಬೆಟ್ಟ ಹತ್ತಿದ್ದವು. ಅವ್ವ ಕಾಫಿ ಬಟ್ಟಲನ್ನು ಕೆಳಗಿಟ್ಟಳು.

"ಅಲ್ಲಿ ಹೊಗೆ ಏಳೋದು ದಿನಾ ನೋಡ್ದೆ ಕಣೋ. ಸತ್ತೋರದು ಅಂದ್ಕೊಂಡು ಮುಖ ತಿರುಗಿಸ್ದೆ."

ಹೊರಡುವಾಗ ಅವ್ವ ತನಗೆಂದು ನೇಯ್ದಿಟ್ಟಿದ್ದ ಹೆಣದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. "ದ್ವೀಪ ಹೆಣ ಕೇಳಿದ್ರೆ ನನ್ನನ್ನೇ ಇಟ್ಕೊಳ್ಳಲಿ," ಎಂದಳು. ದಡ ಮುಟ್ಟುವ ಮುನ್ನವೇ ಮಗನ ಹೆಸರು ಹಿಡಿದು ಕೂಗಿದಳು. ಆ ನೀರಿನ ಮೇಲೆ ಕೂಗು ಕೇಳಿದ್ದು ನನಗೆ ಅದೇ ಮೊದಲು. ದೇವರು ಕ್ಷಮಿಸಿರಬೇಕು, ದ್ವೀಪದ ಆಚೆ ಬದಿಯಿಂದ ನರಳುವ ದನಿ ಬಂತು.

ಹೈಕ್ಕಾ ಕಾಲು ಮುರಿದುಕೊಂಡು ಪಾಚಿಯ ಮೇಲೆ ಬಿದ್ದಿದ್ದ. ನುಸಿ ಕಚ್ಚಿ ಮುಖ ಊದಿತ್ತು. ಪಕ್ಕದಲ್ಲಿ, ಹಿಮಸಾರಂಗಗಳಿಗೆ ನುಸಿ ಮುತ್ತದಂತೆ ನಾವು ಹಾಕುವಂಥದ್ದೇ, ಹಸಿ ಪಾಚಿಯ ಹೆಂಟೆ ಮುಚ್ಚಿದ ಹೊಗೆಬೆಂಕಿ. ಹೆಂಟೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಹಚ್ಚಿದ್ದು ನಾನೇ ಅವ್ವ. ಆಮೇಲೆ ಏಳಕ್ಕಾಗ್ಲಿಲ್ಲ. ಹೆಂಟೆ ಹಾಕ್ತಾ ಇದ್ದಿದ್ದು ಅಜ್ಜಿ. ನಿನ್ನೆ ಯಾರೋ ಹೊಸಬ್ರು ಇಳಿದ್ರು ಅಂತ ಅಡಗಿದ್ಲು. ಹೊಗೆ ಆರ್ತು, ನುಸಿ ಮುತ್ತಿದ್ವು. ಈಗ ತಾನೆ ಮತ್ತೆ ಬಂದ್ಲು."

ಅಜ್ಜಿಯನ್ನು ನಾವು ಅಲ್ಲಿಗೆ ತಂದು ಹೂತಾಗ ನಾನು ಇನ್ನೂ ಚಿಕ್ಕವನು.

ಹೆಲ್ವಿ ಒಮ್ಮೆ ಮರಗಳ ಕಡೆ ನೋಡಿ, ಹೈಕ್ಕಾನ ತೋಳು ಹಿಡಿದು ಎತ್ತಿದಳು. ಅವ್ವ ಹೆಣದ ಬಟ್ಟೆಯನ್ನು ಹೊಗೆಯ ಬಳಿ ಮಡಿಸಿಟ್ಟಳು.

"ಇವನನ್ನ ಕರ್ಕೊಂಡು ಹೋಗ್ತೀನಿ ಅತ್ತೆ," ಎಂದಳು ತಗ್ಗಿದ ದನಿಯಲ್ಲಿ. "ಬಟ್ಟೆ ಇಲ್ಲೇ ಇರ್ಲಿ. ಉಟ್ಕೊಳ್ಳೋಕೆ ಆಮೇಲೆ ಬರ್ತೀನಿ."