ಲೂಲುವಿನ ಅರಿಶಿನ ಶಾಸ್ತ್ರ

ಲೂಲು ತನ್ನೊಬ್ಬಳ ಮೇಲೆ ಮಾತ್ರ ಉಗುಳುತ್ತದೆ ಎಂಬ ಸಂಕಟವನ್ನು ದಿಶಾ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಡೈರಿಯಲ್ಲಿ ಬರೆಯಲು ಹೋಗಿ, ಪದವೀಧರೆಯೊಬ್ಬಳು ಬರೆದಿಡುವ ಮಾತೇ ಇದು ಎಂದು ನಾಚಿ ಹೊಡೆದುಹಾಕಿದ್ದಳು. ಆದರೆ ಅನುಮಾನ ಹೋಗಲಿಲ್ಲ. ಅಪ್ಪ ಹೋದರೆ ಕಿವಿ ನಿಮಿರಿಸಿ ಮೂಗಿನಲ್ಲೇ ರಾಗ ಎಳೆಯುವ ಪ್ರಾಣಿ, ಅಮ್ಮ ಹೋದರೆ ಸೆರಗು ಮೂಸುವ ಪ್ರಾಣಿ, ಇವಳು ಹೋದರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಅರ್ಧ ಅಗಿದ ಹುಲ್ಲನ್ನು ಕನ್ನಡಕಕ್ಕೇ ಗುರಿಯಿಟ್ಟು ಹೊಡೆಯುತ್ತಿತ್ತು. ಬಾಯಿಲ್ಲದವರನ್ನು ಕಂಡರೆ ಮನುಷ್ಯರಿಗೆ ಸದರ, ಅದು ಗೊತ್ತಿದ್ದದ್ದೇ. ಪ್ರಾಣಿಗೂ ಹಾಗೆಯೇ?

ಲೂಲು ಎಂದರೆ ಅರಬ್ಬಿಯಲ್ಲಿ ಮುತ್ತು. ಕುರಿಯ ಮೈಗೆ ಒಂಟೆಯ ಕತ್ತು ಸಿಕ್ಕಿಸಿದಂತಿದ್ದ ಆ ಅಚ್ಚ ಬಿಳಿಯ ಅಲ್ಪಾಕಾವನ್ನು ಹಮೂದ್ ಎಂಬ ಧಣಿ, ಅಲ್ಲಿಯ ಮಾತಿನಲ್ಲಿ ಅರ್ಬಾಬ್, ಎಲ್ಲಿಂದಲೋ ತರಿಸಿ, ಒಮಾನಿನ ನಿಜ್ವಾ ಊರಿನ ತಮ್ಮ ಖರ್ಜೂರದ ತೋಟದಲ್ಲಿ ಕಟ್ಟಿಸಿದ್ದರು. ತೈಲದ ಬೆಲೆ ಬಿದ್ದ ಮರುವರ್ಷ ಮಸ್ಕತ್‌ನ ಕಂಪನಿ ನಕ್ಷೆ ಬರೆಯುವವರನ್ನೆಲ್ಲ ಮನೆಗೆ ಕಳಿಸಿದಾಗ, ದಿಶಾಳ ಅಪ್ಪ ಚಲುವರಾಜು ಇದೇ ಹಮೂದ್ ಮುಂದೆ ನಿಂತು, "ನಾವು ಮಂಡ್ಯದವರು ಅರ್ಬಾಬ್, ದನಕರುಗಳ ಮಧ್ಯೆಯೇ ಹುಟ್ಟಿದವರು" ಎಂದು ಹಿಂದಿಯಲ್ಲಿ ಎದೆ ತಟ್ಟಿ ತೋಟದ ಮ್ಯಾನೇಜರ್ ಆಗಿದ್ದರು. ಹುಟ್ಟಿದ್ದು ನಿಜ. ಹೈಸ್ಕೂಲಿಗೇ ಹಾಸ್ಟೆಲ್ ಸೇರಿ ಮತ್ತೆಂದೂ ಹಗ್ಗ ಹಿಡಿಯಲಿಲ್ಲ ಎಂಬುದೂ ನಿಜ. ಎರಡನೆಯದನ್ನು ಹೇಳಲಿಲ್ಲ, ಅಷ್ಟೇ.

ಈಗ ಜಾನುವಾರು ಮೇಳ ಬಂದಿತ್ತು. "ಲೂಲು ಹೆಸರು ಮಾಡಿದರೆ ಇನ್ನಷ್ಟು ತರಿಸೋಣ. ಇಲ್ಲದಿದ್ದರೆ ಮಾರಿಬಿಡೋಣ, ಖಲಾಸ್" ಎಂದಿದ್ದರು ಹಮೂದ್. ಲೂಲು ಖಲಾಸ್ ಆದರೆ ಅಪ್ಪನ ವೀಸಾನೂ ಖಲಾಸ್ ಎಂಬುದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ದಿಶಾ ಇದ್ದಬದ್ದದ್ದನ್ನೆಲ್ಲ ಓದಿದಳು. ಪ್ರದರ್ಶನಕ್ಕೆ ಮೊದಲು ಅಲ್ಪಾಕಾವನ್ನು ತೊಳೆಯಬಾರದು, ಬಾಚಲೂಬಾರದು. ತೀರ್ಪುಗಾರರು ನೋಡುವುದೇ ಉಣ್ಣೆಯ ಸಹಜ ಗುಂಗುರನ್ನು. ಮೈಗೆ ಅಂಟಿದ ಹುಲ್ಲುಕಡ್ಡಿಯನ್ನು ಕೈಯಲ್ಲಿ ಆಯ್ದರೆ ಸಾಕು. ಫೋನು ಹಿಡಿದುಕೊಂಡು ಅಪ್ಪನ ಹಿಂದೆ ಕೊಟ್ಟಿಗೆಗೆ ಹೋದಳು.

"ಅಪ್ಪಾ, ಇಲ್ಲಿ ಏನು ಬರ್ದಿದಾರೆ ಅಂದ್ರೆ..."

"ಮಂಡ್ಯದೋನಿಗೆ ದನ ತೊಳೆಯೋದ ಫೋನು ಹೇಳ್ಕೊಡ್ತದಾ ಪುಟ್ಟಿ?"

"ದನ ಅಲ್ಲಪ್ಪ ಅದು."

"ನಾಕು ಕಾಲೈತೆ, ಹುಲ್ಲು ತಿಂತದೆ. ಇನ್ನೇನವ್ವ ಬೇಕು ನಿಂಗೆ?"

ದಿಶಾ ಫೋನು ಕೆಳಗಿಳಿಸಿ ಹೊರಗೆ ಬಂದಳು. ಯಾವಾಗಲೂ ಹಾಗೆಯೇ. ಆಡಬೇಕಾದ ಮಾತು ಅವಳಿಗೆ ಸರಿಯಾಗಿ ಹೊಳೆಯುತ್ತಿದ್ದುದು ಎದುರಿಗಿದ್ದವರು ಎದ್ದು ಹೋದ ಮೇಲೆ.

ಮೇಳದ ಹಿಂದಿನ ದಿನವೇ ಸಂಕ್ರಾಂತಿ ಬಿದ್ದದ್ದು ಲೂಲುವಿನ ಹಣೆಬರಹ. ಬೆಳಗ್ಗೆ ದಿಶಾ ತೋಟಕ್ಕೆ ಬರುವಷ್ಟರಲ್ಲಿ ಅಪ್ಪ ಪೈಪಿನ ನೀರು ಬಿಟ್ಟು ಅದರ ಮೈ ತೊಳೆದು, ಹಣೆಯಿಂದ ಬಾಲದವರೆಗೆ ಅರಿಶಿನ ಬಳಿಯುತ್ತ ನಿಂತಿದ್ದರು. ಮಡಚಿದ ಪ್ಯಾಂಟು, ಹಳದಿ ಮೊಣಕೈ, ಮುಖದಲ್ಲಿ ಅವಳು ಎಷ್ಟೋ ತಿಂಗಳಿಂದ ಕಾಣದಿದ್ದ ಗೆಲುವು.

"ಅಪ್ಪಾ! ಏನಿದು?"

"ಹಬ್ಬ ಕಣವ್ವ. ಇವತ್ತು ಮೈ ತೊಳ್ದು ಅರಿಶಿನ ಹಚ್ಚದೆ ಬಿಟ್ರೆ ನಮ್ಮಪ್ಪ ಮೇಲಿಂದ ಉಗೀತಾನೆ."

ಮೇಲಿನವರು ಉಗಿದರೋ ಇಲ್ಲವೋ, ಲೂಲು ತಿರುಗಿ ದಿಶಾಳ ಕನ್ನಡಕಕ್ಕೆ ಉಗಿಯಿತು.

ದನದ ಕೂದಲಾಗಿದ್ದರೆ ಒಣಗಿ ಉದುರುತ್ತಿತ್ತೇನೋ. ಉಣ್ಣೆ ಬಣ್ಣ ಕುಡಿದುಬಿಟ್ಟಿತು. ಎಷ್ಟು ನೀರು ಹೊಯ್ದರೂ ಹೋಗಲಿಲ್ಲ. ಅಪ್ಪನ ಗೆಲುವು ಇಳಿಯಿತು. ಸಂಜೆ ಬಟ್ಟೆ ಒಗೆಯುವ ಬಾರ್ ಸೋಪು ತಂದು, ಬೇಡ ಬೇಡ ಎನ್ನುತ್ತಿದ್ದ ಮಗಳನ್ನು ಪಕ್ಕಕ್ಕೆ ಸರಿಸಿ ಗಸಗಸ ಉಜ್ಜಿದರು. ಉಜ್ಜಿದಲ್ಲೆಲ್ಲ ಹಳದಿ ಕೆಂಪಾಯಿತು.

ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದ ಅಮ್ಮ ಕಾಂತಾಮಣಿ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟರು. "ಅಯ್ಯೋ ರೀ! ಅರಿಶಿನಕ್ಕೆ ಸೋಪು ಬಿದ್ರೆ ಕೆಂಪಾಗ್ತದೆ ಅಂತ ಅಷ್ಟೂ ಗೊತ್ತಿಲ್ವಾ? ಮದುವೇಲಿ ನಿಮ್ಮ ಪಂಚೆ ಏನಾಗಿತ್ತು, ಮರ್ತ್ರಾ?"

"ಪಂಚೆ ಬೇರೆ, ಇದು ಬೇರೆ ಕಣೇ."

"ಹೌದು, ಬೇರೆನೇ. ಪಂಚೆನಾದ್ರೂ ಮಡಚಿ ಪೆಟ್ಟಿಗೇಲಿ ಬಚ್ಚಿಡ್ಬೋದಿತ್ತು."

ಮರುದಿನ ಮೇಳದಲ್ಲಿ ಬಾಚಿ ಮಿರುಗಿಸಿದ ಮೇಕೆಗಳ ಸಾಲು, ಲೋಬಾನದ ಹೊಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಗಳು. ಹಮೂದ್ ಅವರ ಮೇಕೆಗಳೂ ಆ ಸಾಲಿನಲ್ಲೇ ಇದ್ದವು. ಅದೆಲ್ಲದರ ನಡುವೆ ಹಳದಿ ಕೆಂಪು ಪಟ್ಟೆ ಹೊತ್ತ ಲೂಲು; ಅದರ ಹಗ್ಗ ಹಿಡಿದು ನೆಲ ನೋಡುತ್ತ ದಿಶಾ.

"ಇದೇನು ಬಣ್ಣ?" ಹಮೂದ್ ಹಿಂದಿಯಲ್ಲಿ ಕೇಳಿದರು.

"ಚಳಿಗಾಲಕ್ಕೆ ಹೀಗೆ ತಿರುಗುತ್ತೆ ಅರ್ಬಾಬ್. ತಳಿಯ ಗುಣ" ಎಂದರು ಅಪ್ಪ.

ಹಮೂದ್ ನಂಬಿದರು. ನಂಬಿದ್ದಷ್ಟೇ ಅಲ್ಲ, ಜೊತೆಗಿದ್ದ ನೆಂಟರಿಗೆಲ್ಲ ಅದನ್ನೇ ಹೆಮ್ಮೆಯಿಂದ ವಿವರಿಸಿದರು. ದಿಶಾಳಿಗೆ ಮೈ ಪರಚಿಕೊಳ್ಳುವಂತಾಯಿತು.

ಪ್ರದರ್ಶನದ ಅಂಗಳಕ್ಕೆ ಬಿಡುವ ಮೊದಲು ಪ್ರತಿ ಪ್ರಾಣಿಯನ್ನೂ ನೋಡುತ್ತಿದ್ದ ಪಶುವೈದ್ಯೆ ಕೈಗವಸು ತೊಟ್ಟು ಲೂಲುವಿನ ಉಣ್ಣೆ ಬಿಡಿಸಿದರು. ಬುಡದಲ್ಲಿ ಚರ್ಮವೂ ಕೆಂಪು. ಅವರ ಹುಬ್ಬು ಗಂಟಾಯಿತು. ಇದು ಎಂದಿನಿಂದ ಎಂದು ಕೇಳಿದರು. ಅಪ್ಪ ಮತ್ತೆ ತಳಿಯ ಗುಣ ಎಂದರು.

"ಯಾವ ತಳಿಯಲ್ಲೂ ಹೀಗಿರುವುದಿಲ್ಲ. ಚರ್ಮರೋಗದ ಹಾಗೆ ಕಾಣುತ್ತೆ, ಹರಡಬಹುದು" ಎಂದರು ವೈದ್ಯೆ. "ಇದನ್ನು ಬೇರೆ ಕಟ್ಟಿ. ಇದೇ ತೋಟದ ಮೇಕೆಗಳನ್ನೂ ಹೊರಗೆ ಕರೆದುಕೊಂಡು ಹೋಗಿ."

ಹಮೂದ್ ಮುಖ ಕಪ್ಪಿಟ್ಟಿತು. "ಚಲುವರಾಜ್, ಏನಿದು? ರೋಗವಾ?"

ಅಪ್ಪ ಮಗಳ ಕಡೆ ನೋಡಿದರು. ಸುಮ್ಮನಿರು ಎನ್ನುವ ನೋಟ. ರೋಗ ಎಂದು ಒಪ್ಪಿದರೆ ತೋಟಕ್ಕೇ ಕಳಂಕ, ನಿಜ ಹೇಳಿದರೆ ತಾನೇ ದಡ್ಡ. ಮೇಕೆಯೊಂದರ ಹಗ್ಗವನ್ನು ಆಗಲೇ ಯಾರೋ ಬಿಚ್ಚುತ್ತಿದ್ದರು.

ಆಗಲೇ ಲೂಲು ಕಿವಿ ಮಡಚಿತು. ಥೂ! ಕನ್ನಡಕ ಹಸಿರಾಯಿತು.

ಸಾಕಾಗಿಹೋಯಿತು ದಿಶಾಳಿಗೆ. ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡಳು. ಕನ್ನಡಕವಿಲ್ಲದೆ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು. ಬಿಳಿ ನಿಲುವಂಗಿ ಇದ್ದ ಕಡೆಗೆ ತಿರುಗಿ ಹಿಂದಿಯಲ್ಲಿ, ಹಿಂದಿನ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ರೋಗ ಅಲ್ಲ ಅರ್ಬಾಬ್, ಅರಿಶಿನ. ಸೋಪು ತಾಗಿ ಕೆಂಪಾಗಿದೆ. ನಮ್ಮಪ್ಪನಿಗೆ ಹಸುವಿಗೆ ಹಬ್ಬ ಮಾಡೋದು ಗೊತ್ತು. ಅಲ್ಪಾಕಾ ಸಾಕೋದು ಗೊತ್ತಿಲ್ಲ."