ಉಪ್ಪಿಗೆ ನಿಲ್ಲದ್ದು

ಕಡಲ ಗಾಳಿಗೆ ಹೊಗೆಸೊಪ್ಪಿನ ಚುಟ್ಟ ಆರಬಾರದೆಂದು ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವುದು ಆಂಧ್ರದ ಶ್ರೀಕಾಕುಳಂ ಕರಾವಳಿಯ ಹೆಂಗಸರ ರೂಢಿ. ಅಸಿರಮ್ಮ ಹಾಗೆ ಸೇದುತ್ತಲೇ ಮುದುಕಿಯಾದವಳು. ಎರಡೂ ಕೈ ಒಣಮೀನಿನ ಉಪ್ಪಿನಲ್ಲಿ, ಬೆಂಕಿ ಬಾಯಲ್ಲಿ. ಅಂಗುಳ ಬೆಳ್ಳಗಾದರೆ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಎಲ್ಲರದೂ ಬೆಳ್ಳಗೇ ಇತ್ತು. ಆದರೆ ಅವಳ ಬಿಳುಪಿನ ನಡುವೆ ಕೆಂಪು ಹುಟ್ಟಿ, ಸಾರು ತಾಗಿದರೆ ಉರಿಯತೊಡಗಿತು. ಸೊಸೆ ದಾನಮ್ಮ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಅಂಗುಳದಿಂದ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ, ಕೆಡದಂತೆ ಘಾಟು ದ್ರವದ ಸೀಸೆಯಲ್ಲಿ ಹಾಕಿಕೊಟ್ಟರು.

"ವಿಶಾಖಪಟ್ಟಣದ ಲ್ಯಾಬಿಗೆ ಮುಟ್ಟಿಸಿ. ಕ್ಯಾನ್ಸರ್ ಆಗೋಕೆ ಮುಂಚೆನೇ ಮಾಂಸದಲ್ಲಿ ಕೆಲವು ಪ್ರೋಟೀನು ಹೆಚ್ಚಾಗ್ತವೆ. ಬಣ್ಣ ಹಾಕಿದ್ರೆ ಕಾಣ್ತವೆ. ಈಗ್ಲೇ ಗೊತ್ತಾದ್ರೆ ಅಷ್ಟು ಜಾಗ ತೆಗೆದು ಉಳಿಸ್ಬಹುದು."

ಮನೆ ಮುಟ್ಟುವಾಗ ದಾನಮ್ಮನ ಚೀಲವೆಲ್ಲ ಒದ್ದೆ. ಮುಚ್ಚಳ ಸಡಿಲಗೊಂಡು ದ್ರವ ಸೋರಿಹೋಗಿತ್ತು. ಚೂರು ತಳಕ್ಕೆ ಅಂಟಿತ್ತು.

"ಅಯ್ಯೋ ಅತ್ತೆ, ವಾಪಸ್ ಹೋಗಿ ಹಾಕಿಸ್ಕೊಂಡು ಬರ್ತೀನಿ."

"ಸುಮ್ನಿರೇ. ಅಷ್ಟು ದಪ್ಪ ವಂಜರ ಮೀನೇ ಕೆಡದ ಹಾಗೆ ಇಡ್ತೀನಿ, ನನ್ನ ಮಾಂಸ ಇಡಕ್ಕಾಗಲ್ವಾ? ನನ್ನ ಕೈಲಿ ಏನಾದ್ರೂ ನಾತ ಹೊಡ್ದಿದ್ಯಾ?"

"ನಿಮ್ಮ ಬಾಯೊಂದು ಬಿಟ್ಟು."

"ನಿಂದೇನು ಮಲ್ಲಿಗೆ ತೋಟವೇನೇ? ನೀನೂ ಬೆಂಕಿ ನುಂಗೋಳೇ!"

ಅಸಿರಮ್ಮ ನಯವಾದ ಉಪ್ಪು ಆರಿಸಿ, ಸೀಸೆಗೆ ಕಂಠದವರೆಗೆ ತುಂಬಿ ಕಳಿಸಿದಳು.

ಲ್ಯಾಬಿನಿಂದ ದಾನಮ್ಮ ಬರಿಗೈಯಲ್ಲಿ ಮರಳಿದಳು. "ಉಪ್ಪು ಚೂರಿನ ನೀರೆಲ್ಲ ಹೀರಿ ಕೆಡಿಸಿದೆಯಂತೆ. ಇನ್ನು ಬಣ್ಣ ಹಾಕಿದ್ರೂ ನಂಬೋ ಹಾಗಿಲ್ವಂತೆ. ಮತ್ತೆ ಕತ್ತರಿಸಬೇಕಂತೆ."

ಕತ್ತರಿ ಆಡಿದಾಗಲೂ ಅಸಿರಮ್ಮನಿಗೆ ಅಷ್ಟು ನೋವಾಗಿರಲಿಲ್ಲ. ತನ್ನ ಉಪ್ಪು ಕೆಡಿಸಿತೇ?

"ಹಳೇ ಗಾಯವೇ ಮಾಯ್ದಿಲ್ಲ. ಮೀನಿನ ಸುಗ್ಗಿ ಮುಗೀಲಿ, ನೋಡೋಣ," ಎಂದು ಮುಖ ತಿರುಗಿಸಿ, ನೋವಿಗೆ ಶಾಖವೇ ಹಿತವೆಂದು ಚುಟ್ಟ ಹಚ್ಚಿದಳು.

ಸುಗ್ಗಿ ಮುಗಿಯುವಷ್ಟರಲ್ಲಿ ಗಂಜಿಯೂ ಇಳಿಯದಾಯಿತು. ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿದರು, ಕುತ್ತಿಗೆಯ ಗಂಟುಗಳನ್ನು ಒತ್ತಿ ನೋಡಿದರು.

"ಈ ಸಲ ಸೀಸೆ ಬೇಡ್ವಾ?" ಅಸಿರಮ್ಮ ಕೇಳಿದಳು.

"ಆ ಪರೀಕ್ಷೆ ಬೇಡಮ್ಮ. ಬಣ್ಣ ಹಾಕದೇನೇ ಕಾಣ್ತಿದೆ. ಕುತ್ತಿಗೆಗೂ ಇಳಿದಿದೆ."

ಅಸಿರಮ್ಮ ಸೊಸೆಯತ್ತ ತಿರುಗಿದಳು. "ಬಾಯಿ ತೆಗಿಯೇ."

ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಂಗೇನಾಗಿದೆ ಅತ್ತೆ?"

"ನಂಗೂ ಏನೂ ಆಗಿರ್ಲಿಲ್ಲ." ಮುದುಕಿ ಆ ಸೆರಗನ್ನು ಕಿತ್ತಳು. "ಡಾಕ್ಟ್ರಮ್ಮ, ಇವಳದ್ದು ನೋಡಿ. ಚೂರು ತೆಗೆದ್ರೆ ಸೀಸೆ ನನ್ನ ಕೈಗೆ ಕೊಡಿ. ವಿಶಾಖಪಟ್ಟಣದವರೆಗೂ ಮುಚ್ಚಳ ಒತ್ತಿ ಹಿಡ್ಕೊಂಡೇ ಕೂತ್ಕೋತೀನಿ."