ಬೀಗದೊಳಗಿನ ಮಗ್ಗ

ಸಿದ್ದಲಿಂಗವ್ವನ ಮಗ್ಗ ಕಂಪನಿಯ ಶೆಡ್ಡಿನಲ್ಲಿ ಸಿಕ್ಕಿಬಿದ್ದಿತ್ತು. ಇಳಕಲ್ಲಿನ ಆ ಸೀರೆ ಕಂಪನಿ ದಿವಾಳಿಯಾಗಿ, ಬ್ಯಾಂಕಿನವರು ನ್ಯಾಯಮಂಡಳಿಗೆ ಹೋಗಿ, ಅದರ ಕಾರಭಾರವೆಲ್ಲ ಬೆಂಗಳೂರಿನಿಂದ ಬಂದ ಗೌತಮ ಎಂಬ ಅಧಿಕಾರಿಯ ಕೈಗೆ ಬಂದಿತ್ತು. ಅವನು ಶೆಡ್ಡಿಗೆ ಬೀಗ ಹಾಕಿಸಿದ್ದ. ಬರುವ ಶುಕ್ರವಾರ ಸಾಲ ಕೊಟ್ಟ ಬ್ಯಾಂಕುಗಳು ಕೂತು ಮತ ಹಾಕಿದರೆ, ಶೆಡ್ಡು, ಜಾಗ, ಒಳಗಿನ ಸಾಮಾನು ಎಲ್ಲವೂ ಪರವೂರಿನ ಖರೀದಿದಾರನೊಬ್ಬನ ಪಾಲಾಗುತ್ತಿದ್ದವು. ಅವನಿಗೆ ಬೇಕಾದದ್ದು ಹೆದ್ದಾರಿ ಪಕ್ಕದ ಜಾಗ. ಮಗ್ಗಗಳನ್ನು ಕಟ್ಟಿಗೆ ಅಡ್ಡೆಗೆ ಹಾಕುತ್ತಾನಂತೆ.

ಆ ಮಗ್ಗ ಕಂಪನಿಯದಲ್ಲ, ಸಿದ್ದಲಿಂಗವ್ವನ ಅತ್ತೆಯದು. ಅತ್ತೆಯ ಕೈ, ಆಮೇಲೆ ಇವಳ ಕೈ ಆಡಿ ಆಡಿ ಅದರ ಹಲಗೆ ಎಣ್ಣೆ ಸವರಿದಂತೆ ನುಣುಪಾಗಿತ್ತು. ನಾನು ನೌಕರಿಯಿಂದ ನಿವೃತ್ತಳಾಗಿ ಅವಳ ಪಕ್ಕದ ಮನೆಗೆ ಬಂದ ಹೊಸದರಲ್ಲಿ, ನನ್ನ ಬೆಳಗಿನ ಚಹಾಕ್ಕೆ ಗೋಡೆಯಾಚೆಯ ಆ ಮಗ್ಗದ ಸದ್ದೇ ಜೊತೆ. ಕೊರೊನಾದ ಹಿಂದಿನ ವರ್ಷ ಕಂಪನಿಯ ಮಾಲೀಕ ಅನಿಲಕುಮಾರ ಶೆಡ್ಡು ಕಟ್ಟಿಸಿದ. ಅಡುಗೆಮನೆಯ ಹೊಗೆಯಲ್ಲಿ ಯಾಕೆ ನೇಯುತ್ತೀರಿ, ನಿಮ್ಮ ಮಗ್ಗ ಇಲ್ಲಿಗೆ ತನ್ನಿ, ಬೆಳಕಿದೆ, ಫ್ಯಾನಿದೆ ಅಂದ. ಓಣಿಯ ಹೆಂಗಸರು ಮನೆಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಮುಚ್ಚಿ, ಮಗ್ಗ ಬಿಚ್ಚಿ, ಟ್ರ್ಯಾಕ್ಟರಿಗೆ ಹೇರಿ ಕಳಿಸಿದರು. ವಿಮೆಗೆ ಬೇಕೆಂದು ಅವನು ಎಲ್ಲಕ್ಕೂ ಕಂಪನಿಯ ಹೆಸರಿನ ತಗಡು ಹೊಡೆಸಿದ. ಯಾರೂ ಏನೂ ಕೇಳಲಿಲ್ಲ.

ಕೊರೊನಾ ಬಂತು. ಮದುವೆಗಳು ನಿಂತವು, ಸೀರೆ ಪೇಟೆ ಮಲಗಿತು. ಲಾಕ್‌ಡೌನು ಮುಗಿದ ಮೇಲೂ ಅದು ಏಳಲಿಲ್ಲ. ಕಂಪನಿ ಬಿತ್ತು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ನನ್ನ ಸಿಟ್ಟು ಅದರ ನಂತರದ್ದು.

ಗೌತಮನ ಬಳಿಗೆ ನಾನು ಸಿಟ್ಟಿನಿಂದಲೇ ಹೋಗಿದ್ದೆ. ಶೆಡ್ಡಿನ ಮುಂದಿನ ಕೋಣೆಯಲ್ಲಿ ಇದ್ದದ್ದೇ ಎರಡು ಕುರ್ಚಿ. ಒಂದನ್ನು ನನಗೆ ತೋರಿಸಿ, ತಾನು ಕೂತಿದ್ದನ್ನು ಸಿದ್ದಲಿಂಗವ್ವನಿಗೆ ಕೊಟ್ಟು, ನಿಂತೇ ಮಾತಾಡಿದ.

"ಮೇಡಂ, ಬೇರೆಯವರ ವಸ್ತು ಕಂಪನಿ ಹತ್ತಿರ ಇದ್ದ ಮಾತ್ರಕ್ಕೆ ಕಂಪನಿದಾಗಲ್ಲ. ಕಾನೂನೇ ಹಾಗೆ ಹೇಳುತ್ತೆ. ಆದರೆ ಈ ಮಗ್ಗಗಳು ಕಂಪನಿಯವು ಅಂತ ಬರೆದುಕೊಟ್ಟು, ಅಡ ಇಟ್ಟು, ಅನಿಲಕುಮಾರ್ ಸಾಲ ತಗೊಂಡಿದ್ದಾರೆ. ದಸರೆಗೆ ಮುಂಚೆ ನಾನು ಪೇಪರಲ್ಲಿ ಪ್ರಕಟಣೆ ಕೊಟ್ಟೆ. ಒಬ್ಬರೂ ಬಂದು ನಮ್ಮದು ಅನ್ನಲಿಲ್ಲ."

"ಈಗ ಏನು ಮಾಡಬೇಕು?" ಎಂದೆ.

"ಇಬ್ಬರಲ್ಲಿ ಒಬ್ಬರು ಬರೆದುಕೊಡಬೇಕು. ಒಂದೋ ಅನಿಲಕುಮಾರ್, ಮಗ್ಗ ನೇಕಾರರದು ಅಂತ. ಇಲ್ಲ ಈ ಅಮ್ಮ, ನನ್ನ ಮಗ್ಗಾನ ನನಗೆ ಹೇಳದೆ ಅಡ ಇಟ್ಟರು ಅಂತ ಪ್ರಮಾಣ ಮಾಡಿ. ಶುಕ್ರವಾರದೊಳಗೆ ಕೊಟ್ಟರೆ ಮಾರಾಟದ ಪಟ್ಟಿಯಿಂದ ತೆಗೀತೀನಿ."

ಸಿದ್ದಲಿಂಗವ್ವ ಕುರ್ಚಿಯ ಅಂಚಿನಲ್ಲೇ ಕೂತಿದ್ದಳು. "ನಾ ಅವರ ಮ್ಯಾಲ ಬರಕೊಡಾಂಗಿಲ್ರಿ" ಅಂದಳು.

"ಯಾಕಮ್ಮ?"

"ಬನ್ನಿ ತಗೊಂಡೇನ್ರಿ."

ಅವನು ನನ್ನ ಮುಖ ನೋಡಿದ. ನಾನು ತಿಳಿಸಿ ಹೇಳಬೇಕಾಯಿತು. ನಮ್ಮ ಕಡೆ ದಸರೆಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಕೊಟ್ಟು ತೆಗೆದುಕೊಂಡ ಮೇಲೆ ಇಬ್ಬರ ನಡುವೆ ಜಗಳವಿಲ್ಲ. ಎಂದೂ ನಮ್ಮ ಓಣಿಗೆ ಬಾರದ ಅನಿಲಕುಮಾರ ಈ ಸಲ ಮನೆ ಮನೆಗೆ ಬಂದಿದ್ದ. ಬನ್ನಿ ಕೊಟ್ಟು, ಹಿರಿಯರ ಕಾಲು ಮುಟ್ಟಿ, "ನಿಮ್ಮ ಮಗ್ಗ ನಿಮ್ಮವ. ಮಂದಿ ಮಾತು ಕೇಳಿ ಕಾಗದಾ ಬರೀಬ್ಯಾಡ್ರಿ" ಎಂದಿದ್ದ. ಯಾರೂ ಬರೆಯಲಿಲ್ಲ. ಪ್ರಕಟಣೆಯಲ್ಲಿ ಕೊಟ್ಟಿದ್ದ ಅವಧಿ ಅದೇ ವಾರ ಮುಗಿಯಿತು.

"ಒಂದು ಎಲೆಗೋಸ್ಕರಾನಾ?" ಗೌತಮ ಕೇಳಿದ.

"ಹೌದ್ರಿ, ಎಲಿ" ಅಂದಳು ಸಿದ್ದಲಿಂಗವ್ವ. "ನೀವು ಸಹಿ ಅಂತೀರಲ್ಲ, ನಮಗ ಅದು ಹಂಗ."

ಹೊರಗೆ ಗೇಟಿನ ಬಳಿ ಹುಸೇನಸಾಬ ಕೂತಿದ್ದ. ಕಂಪನಿಯ ಕಾವಲುಗಾರ. ಬೀಗ ಬಿದ್ದಾಗಿನಿಂದ ಪಗಾರವಿಲ್ಲ, ಆದರೂ ಬರುತ್ತಿದ್ದ. ಸಿದ್ದಲಿಂಗವ್ವನನ್ನು ಕಂಡು ಎದ್ದ.

"ಸೀರಿ ಅರ್ಧಾ ನೇಯ್ದು ಬಿಟ್ಟಿದ್ಯಲ್ಲ ಯವ್ವಾ, ಹಾಂಗ ಐತಿ ನೋಡು. ಸಾಹೇಬ್ರ ಕಡೆ ಕೀಲಿ ಕೇಳಿ ವಾರಕ್ಕೊಮ್ಮೆ ಒಳಗ ಹೋಗಿ ಧೂಳಾ ಝಾಡಸ್ತೇನಿ. ಇಲಿ ಮುಟ್ಟಬಾರದಂತ ನಮ್ಮ ಮನಿಯಾಕಿ ಮಕ್ತುಮಬಿ ಹಳೇ ಸೀರಿ ಹೊಚ್ಚೇನಿ."

"ಪಗಾರಿಲ್ಲದ ಯಾಕ ಮಾಡ್ತೀಯೋ ಹುಸೇನಸಾಬ?" ಎಂದೆ.

"ಪಗಾರ ಬಂದಿಲ್ಲಂತ ಮಗ್ಗಕ್ಕೇನ ಗೊತ್ರಿ ಅಕ್ಕಾರ" ಎಂದು ನಕ್ಕ.

ಸಂಬಂಧವಿಲ್ಲದ ಮುದುಕ ಹೊದಿಸಿದ ಮಗ್ಗವನ್ನು, ಕಾಲು ಮುಟ್ಟಿದವನು ಅಡ ಇಟ್ಟಿದ್ದ.

ಮರುದಿನ ನಾನೂ ಸಿದ್ದಲಿಂಗವ್ವನೂ ಬಾಗಲಕೋಟೆಗೆ ಹೋದೆವು. ಅನಿಲಕುಮಾರನ ಮನೆ ವಿದ್ಯಾಗಿರಿಯಲ್ಲಿ. ಅಲ್ಲಿನ ಕಾಲೇಜಿನಲ್ಲೇ ಅವನಿಗೆ ನಾನು ಕಂಪನಿ ಕಾನೂನು ಪಾಠ ಮಾಡಿದ್ದೆ. ಎರಡಂತಸ್ತಿನ ಮನೆ, ಅಂಗಳದಲ್ಲಿ ಹೊಸ ಕಾರು. ಅವನ ಹೆಂಡತಿ ನಾಗರತ್ನಾ ಮಜ್ಜಿಗೆ ತಂದಳು. ನನ್ನ ಲೋಟದಂಥದೇ ಬೆಳ್ಳಿ ಲೋಟವನ್ನು ಸಿದ್ದಲಿಂಗವ್ವನಿಗೂ ಕೊಟ್ಟಳು. ಅನಿಲಕುಮಾರ ಬಂದು ನನ್ನ ಕಾಲು ಮುಟ್ಟಿದ.

ಬಂದ ಕೆಲಸ ಹೇಳಿದೆ. ಒಂದು ಹಾಳೆ, ಒಂದು ಸಹಿ.

"ಮೇಡಂ, ನೀವ ಕಲಿಸಿದ್ದು" ಎಂದು ನಕ್ಕ. "ಕಂಪನಿ ಬ್ಯಾರೆ, ಮಾಲಕ ಬ್ಯಾರೆ. ಕಂಪನಿ ಮುಳುಗಿತು. ಅದರ ಸಾಮಾನಿನ ವಿಚಾರದಾಗ ನಾ ಯಾರ್ರಿ?"

ನಾನು ಮೆಲ್ಲಗೆ ಮಾತಾಡುವವಳು. ಅಂದು ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಕಲಿಸಿದ್ದೆ. ವ್ಯಾಪಾರದಾಗ ಸೋತಾವ್ನ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದಂತ ಆ ಕಾನೂನು ಮಾಡ್ಯಾರ ಅಂತ ಹೇಳಿದ್ದೆ. ನಿನ್ನ ಮನಿ ಉಳದೈತಿ, ಕಾರು ಉಳದೈತಿ, ಸಂತೋಷ. ಅದರ ಮರ್ಯಾಗ ನಿಂತು ಇನ್ನೊಬ್ಬಾಕಿ ಮಗ್ಗ ಕಟ್ಟಿಗಿ ಅಡ್ಡೆಗೆ ಹಾಕು ಅಂತ ಯಾವ ಪಾಠದಾಗ ಹೇಳಿದ್ನೋ?"

ಅವನ ನಗು ಹೋಯಿತು. "ಬರಕೊಟ್ರ ನಾ ಜೇಲಿಗೆ ಹೋಗ್ತೇನ್ರಿ ಮೇಡಂ. ಬ್ಯಾಂಕಿಗೆ ಸುಳ್ಳು ಹೇಳೇನಿ ಅಂತ ನಾನ ಸಹಿ ಮಾಡಿದಂಗ ಆಗ್ತೈತಿ." ಆಮೇಲೆ ಸಿದ್ದಲಿಂಗವ್ವನ ಕಡೆ ತಿರುಗಿ ದನಿ ಬದಲಿಸಿದ. "ಯವ್ವಾ, ನಿನಗ ಹೊಸಾ ಮಗ್ಗ ಕೊಡಸ್ತೇನಿ. ಬನ್ನಿ ತಗೊಂಡೇವಲ್ಲ, ಬಂಗಾರದಂಗ ಇರೂಣು."

ಸಿದ್ದಲಿಂಗವ್ವ ಲೋಟ ಕೆಳಗಿಟ್ಟಳು.

"ದಸರಾಕ ನಮ್ಮ ಮನಿಗೆ ಬಂದಿದ್ದು ಯಾರ್ರಿ ಸಾವ್ಕಾರ್ರ? ಕಂಪನಿಯೋ, ನೀವೋ?"

ಅವನು ಮೊಬೈಲು ಕೈಗೆತ್ತಿಕೊಂಡ.

"ನೀವ ಬಂದಿದ್ರಿ. ಚಪ್ಪಲಿ ಹೊರಗ ಬಿಟ್ಟು, ನನ್ನ ಕಾಲು ಮುಟ್ಟಿದ್ರಿ. ಆವಾಗ ನನ್ನ ಮಗ್ಗ ಅಡಾ ಬಿದ್ದೈತಿ ಅಂತ ನಿಮಗ ಗೊತ್ತಿತ್ತೋ ಇಲ್ಲೋ?"

ಅವನು ಮೊಬೈಲನ್ನು ಮೇಜಿನ ಮೇಲೆ ಮಗುಚಿ ಹಾಕಿದ. ಮತ್ತೆ ಎತ್ತಿಕೊಂಡ.

"ಹೇಳ್ರಿ."

"ಗೊತ್ತಿತ್ತು."

ಸಿದ್ದಲಿಂಗವ್ವ ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದಳು. ಅದರ ಒಳಜೇಬಿನಿಂದ ಒಣಗಿದ ಬನ್ನಿಯ ಎಸಳೊಂದನ್ನು ಎರಡು ಬೆರಳಲ್ಲಿ ಹಿಡಿದು ಅವನ ಮುಂದಿಟ್ಟಳು.

"ತಗೋರಿ ನಿಮ್ಮ ಬಂಗಾರ."

ನನ್ನ ಇಷ್ಟು ವಯಸ್ಸಿನಲ್ಲಿ ಬನ್ನಿಯನ್ನು ಯಾರೂ ಹಿಂದಕ್ಕೆ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಅವನೂ ನೋಡಿರಲಿಕ್ಕಿಲ್ಲ. ಚೇಳು ಕಂಡವನಂತೆ ಎದ್ದು ನಿಂತ. "ಏ, ಬನ್ನಿ ಹೊಳ್ಳಿ ಕೊಡ್ತಾರೇನ ಬೇ!"

"ಒಬ್ಬಾಕಿ ಮಗ್ಗ ಅಡಾ ಇಟ್ಟು ಆಕಿ ಮನಿಗೇ ಬನ್ನಿ ತರ್ತಾರೇನ್ರಿ?"

ಫ್ಯಾನಿನ ಗಾಳಿಗೆ ಎಸಳು ಮೇಜಿನಿಂದ ಹಾರಿ ನೆಲಕ್ಕೆ ಬಿತ್ತು. ಲೋಟ ಒಯ್ಯಲು ಬಂದ ನಾಗರತ್ನಾ ಬಗ್ಗಿ, ಉದುರಿದ ಎಲೆಯ ಚೂರನ್ನೂ ಬಿಡದೆ ಆರಿಸಿ ಅಂಗೈಯಲ್ಲಿ ಹಿಡಿದು ನಿಂತಳು. ಗಂಡನ ಕಡೆ ನೋಡಲಿಲ್ಲ. ನಾವು ಹೊರಟಾಗ ಗೇಟಿನವರೆಗೆ ಬಂದು ಒಂದು ಬಾಟಲಿ ನೀರು ಕೊಟ್ಟಳು. "ಬಿಸಲು ಭಾಳ ಐತಿ. ದಾರ್ಯಾಗ ಕುಡೀರಿ" ಅಂದಳು.

ಬಸ್ಸು ಅಮೀನಗಡ ದಾಟಿದ ಮೇಲೆ ಸಿದ್ದಲಿಂಗವ್ವ ಕೇಳಿದಳು, "ಅಕ್ಕಾರ, ಹುನಗುಂದದಾಗ ಬರಕೊಡೋ ವಕೀಲರು ಸಿಗತಾರೇನ್ರಿ?"

ಇಳಿದೆವು. ಕೋರ್ಟಿನ ಎದುರಿನ ಚಿಕ್ಕ ಅಂಗಡಿಯಲ್ಲಿ ನೋಟರಿ ಊಟಕ್ಕೆ ಏಳುವುದರಲ್ಲಿದ್ದ. ಅವಳ ಮುಖ ನೋಡಿ ಬುತ್ತಿ ಪಕ್ಕಕ್ಕಿಟ್ಟ. ಅವಳು ಹೇಳಿದಂತೆ ಟೈಪು ಮಾಡಿಸಿದ. ಮುದ್ರೆ ಒತ್ತುವ ಮುಂಚೆ ಕೇಳಿದ, "ಯವ್ವಾ, ಆ ಮಾಲಕನ ಕೂಡ ನಿಂದು ಬ್ಯಾರೆ ಏನರ ಐತೇನು? ಹಳೇ ಜಗಳ, ಸಂಬಂಧ, ಏನರ?"

"ಇತ್ತರಿ. ಮುಂಜಾನೆ ಹೊಳ್ಳಿ ಕೊಟ್ಟು ಬಂದೇನಿ."

ಸುದ್ದಿ ನಮಗಿಂತ ಮುಂಚೆ ಓಣಿ ತಲುಪಿತ್ತು. ಸಂಜೆ ಸಿದ್ದಲಿಂಗವ್ವನ ಕಟ್ಟೆಯ ಮೇಲೆ ಹೆಂಗಸರು ಕೂಡಿದರು. ದೇವರ ಜಗಲಿಯಿಂದ, ಟ್ರಂಕಿನಿಂದ ಹುಡುಕಿ ತೆಗೆದ ಬನ್ನಿ ಅವರ ಕೈಯಲ್ಲಿ. ಅವರಲ್ಲಿ ರಂಜಾನಬಿಗೆ ಮಾತ್ರ ಚಿಂತೆ. "ನಂದು ಆಕಳಾ ತಿಂದೈತ್ರೆ. ನಾ ಹ್ಯಾಂಗ ಹೊಳ್ಳಿ ಕೊಡ್ಲಿ?"

"ಹಂಗಾರ ಆಕಳಾ ಬಂದು ಸಹಿ ಮಾಡ್ಲಿ" ಅಂದಳು ಸಿದ್ದಲಿಂಗವ್ವ. ಅಂದು ಎಲ್ಲರೂ ನಕ್ಕದ್ದು ಅದೊಂದೇ ಸಲ. ಎಲೆಗಳನ್ನು ಒಂದು ಲಕೋಟೆಗೆ ಹಾಕಿ ವಿದ್ಯಾಗಿರಿಗೆ ಅಂಚೆಯಲ್ಲಿ ಕಳಿಸಿದರು. ವಿಳಾಸ ನಾನೇ ಬರೆದೆ. ಮರುದಿನ ಹುನಗುಂದಕ್ಕೆ ಹೋಗಿ ಅವರೂ ಬರೆದುಕೊಟ್ಟರು.

ಗುರುವಾರ ಗೌತಮ ಮಗ್ಗಗಳನ್ನು ಪಟ್ಟಿಯಿಂದ ತೆಗೆದ. ನ್ಯಾಯಮಂಡಳಿಯ ಕೊನೆಯ ಮಾತು ಬರುವವರೆಗೆ ನೇಯಬಹುದು, ಮಾರಬಾರದು ಎಂದು ಬರೆಸಿಕೊಂಡು ಬೀಗ ತೆರೆಸಿದ. ತಮ್ಮದೇ ಮಗ್ಗ ಒಯ್ಯಲು ಆ ಹೆಂಗಸರು ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತಿದರು, ಸಹಿ ಹಾಕಿದರು. ಅಡ ಇಟ್ಟವನು ಮನೆಯಲ್ಲಿ ಫ್ಯಾನಿನ ಕೆಳಗಿದ್ದ. ಅವನ ಮೇಲೆ ಯಾವಾಗ ಕೇಸು ಎಂದು ಕೇಳಿದೆ. "ಅದು ಬೇರೆ ಅರ್ಜಿ ಮೇಡಂ, ಸಮಯ ಹಿಡಿಯುತ್ತೆ" ಎಂದ ಗೌತಮ ತಲೆ ತಗ್ಗಿಸಿ.

ಹುಸೇನಸಾಬ ಇಕ್ಕಳ ತಂದು ತಗಡು ಕಿತ್ತ. ಮೊಳೆ ಬಿಟ್ಟ ತೂತುಗಳು ಮಾತ್ರ ಉಳಿದವು. ಸಿದ್ದಲಿಂಗವ್ವ ಮಕ್ತುಮಬಿಯ ಹಳೇ ಸೀರೆ ಮಡಚಿ ಕೊಡಹೋದಾಗ, "ಇರಲಿ ಬಿಡ, ಮತ್ತ ಹೊಚ್ಚಾಕ ಬೇಕಾಗ್ತೈತಿ" ಎಂದ.

ಸಂಜೆ ಅವಳು ಮನೆಯಲ್ಲಿ ಮುಚ್ಚಿದ್ದ ಕುಣಿಯನ್ನು ಮತ್ತೆ ಅಗೆಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತು ಕೇಳಿದೆ, "ಬರೋ ದಸರಾಕ ಅವ ಮತ್ತ ಬಂದ್ರ ಏನ್ ಮಾಡ್ತೀ?"

ಸಲಿಕೆ ನಿಲ್ಲಿಸಲಿಲ್ಲ ಅವಳು.

"ಬರ್ಲಿರಿ. ಬಾಗಲಾ ಹಾಕಾಂಗಿಲ್ಲ, ನೀರು ಕೊಡ್ತೇನಿ. ಬನ್ನಿಗೆ ಮಾತ್ರ ಕೈ ಚಾಚಾಂಗಿಲ್ಲ."